ಮಿತಭಾಷಿಯ ಒಳನೋಟವನ್ನು ಕಡತಕ್ಕೆ ತರುವ ಕ್ರಮ

ಕಚೇರಿಯೆಂಬ ವ್ಯವಸ್ಥೆಯು ಬಾಯಿಯುಳ್ಳವರಿಗಾಗಿಯೇ ಏರ್ಪಟ್ಟಂತೆ ತೋರುವುದರಿಂದ, ಸಭೆಯಲ್ಲಿ ಕೊನೆಯ ಕುರ್ಚಿಯನ್ನು ಅರಸಿ ಕುಳಿತು, ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳಿ, ತನ್ನ ಅಭಿಪ್ರಾಯವು ಪಕ್ವವಾಗುವ ಹೊತ್ತಿಗೆ ಸಭೆಯೇ ಮುಗಿದು ಚಹದ ಲೋಟಗಳನ್ನು ಎತ್ತುತ್ತಿರುವುದನ್ನು ಕಾಣತಕ್ಕ ನೌಕರನು, ತಾನು ಈ ಉದ್ಯೋಗಕ್ಕೆ ತಕ್ಕವನಲ್ಲವೋ ಏನೋ ಎಂದು ಶಂಕಿಸುವುದು ಸಹಜವೇ ಆಗಿದೆ. ಆದರೆ ಹಾಗೆ ಶಂಕಿಸುವವರಲ್ಲಿ ಅನೇಕರಿಗೆ ಮಾತಿನಮಲ್ಲರಿಗೆ ದುರ್ಲಭವಾದ ಒಂದು ಶಕ್ತಿಯುಂಟು. ಚದುರಿ ಬಿದ್ದಿರುವ ಸಂಗತಿಗಳ ನಡುವಣ ಸಂಬಂಧವನ್ನು ಅವರು ಇತರರಿಗಿಂತ ಮೊದಲೇ ಗ್ರಹಿಸಬಲ್ಲರು. ಆ ಶಕ್ತಿಯು ಹೊರಗೆ ಕಾಣುವುದಿಲ್ಲವೆಂಬುದೇ ಅದರ ದೊಡ್ಡ ಕೊರತೆ; ಕಾಣದ ಬಲಕ್ಕೆ ಯಾವ ಕಚೇರಿಯಲ್ಲಿಯೂ ಬಡ್ತಿ ದೊರೆಯದು. ಆದುದರಿಂದ ಸ್ವಭಾವವನ್ನು ಬದಲಾಯಿಸಿಕೊಳ್ಳದೆಯೇ ಅದರ ಫಲವನ್ನು ಕಾಗದದ ಮೇಲೆ ಇಳಿಸುವ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಹಣೆಪಟ್ಟಿಯನ್ನು ಅಳತೆಯಲ್ಲಿಡುವುದು

ಈ ಸ್ವಭಾವಭೇದಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್. 1921ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು, ಚಿತ್ತವು ಹೊರಗಿನ ವಸ್ತುವಿಷಯಗಳತ್ತ ಹರಿಯುವವರನ್ನು ಬಹಿರ್ಮುಖಿಗಳೆಂದೂ, ತನ್ನೊಳಕ್ಕೇ ಹಿಂದಿರುಗುವವರನ್ನು ಅಂತರ್ಮುಖಿಗಳೆಂದೂ ವಿಂಗಡಿಸಿ, ಆಲೋಚನೆ, ಭಾವ, ಇಂದ್ರಿಯಸಂವೇದನೆ, ಅಂತಃಪ್ರಜ್ಞೆ ಎಂಬ ನಾಲ್ಕು ಚಿತ್ತವ್ಯಾಪಾರಗಳನ್ನು ನಿರೂಪಿಸಿದರು. ಎದುರಿಗಿರುವ ವಿವರಕ್ಕಿಂತ ಹೆಚ್ಚಾಗಿ ಅದರ ಹಿಂದಣ ಅರ್ಥವನ್ನೂ ಅದು ಮುಂದೆ ತಾಳಬಹುದಾದ ರೂಪವನ್ನೂ ಹಿಡಿಯುವುದು ಅಂತಃಪ್ರಜ್ಞೆಯ, ಅಂದರೆ ಒಳನೋಟದ, ಕೆಲಸ. ಅವರ ಈ ವಿಂಗಡಣೆಯನ್ನು ಆಧರಿಸಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪಿಸಿದ ಪ್ರಶ್ನಾವಳಿಯೇ, ಇಂದು ಕಂಪನಿಗಳ ತರಬೇತಿ ಶಿಬಿರಗಳಲ್ಲಿ ಬಳಕೆಯಾಗುವ ಎಂಬಿಟಿಐ. ಅದರ ಹದಿನಾರು ವರ್ಗಗಳಲ್ಲಿ ಐಎನ್‌ಟಿಜೆ, ಐಎನ್‌ಟಿಪಿ, ಐಎನ್‌ಎಫ್‌ಜೆ, ಐಎನ್‌ಎಫ್‌ಪಿ ಎಂಬ ನಾಲ್ಕು ಅಂತರ್ಮುಖ-ಅಂತಃಪ್ರಜ್ಞಾ ವರ್ಗಗಳು.

ಶಿಬಿರದಲ್ಲಿ ಈ ನಾಲ್ಕು ಅಕ್ಷರಗಳನ್ನು ಪಡೆದು ಬಂದವರು ಅವನ್ನು ಜಾತಕದಂತೆ ಕಿಸೆಯಲ್ಲಿಟ್ಟುಕೊಂಡು ತಿರುಗುವುದು ನನಗೆ ಸರಿಯೆನಿಸುವುದಿಲ್ಲ. ಕೆಲವೇ ವಾರಗಳ ಅಂತರದಲ್ಲಿ ಅದೇ ಪ್ರಶ್ನಾವಳಿಗೆ ಮತ್ತೆ ಉತ್ತರಿಸಿದವರಲ್ಲಿ ಅನೇಕರು ಬೇರೊಂದು ವರ್ಗಕ್ಕೆ ಸೇರಿಬಿಡುತ್ತಾರೆ. ಏಕೆಂದರೆ ಹೆಚ್ಚಿನ ಜನರು ಎರಡು ತುದಿಗಳ ನಡುವೆ ಎಲ್ಲಿಯೋ ಇರತಕ್ಕವರು. ಶುದ್ಧ ಅಂತರ್ಮುಖಿಯಾಗಲಿ ಶುದ್ಧ ಬಹಿರ್ಮುಖಿಯಾಗಲಿ ಇಲ್ಲವೆಂಬುದು ಯೂಂಗ್ ಅವರ ಅಭಿಪ್ರಾಯವೇ ಆಗಿದ್ದಿತು. ನೌಕರಿಗೆ ಆರಿಸಿಕೊಳ್ಳುವುದಕ್ಕೆ ಇದನ್ನು ಬಳಸಕೂಡದೆಂದು ಪ್ರಶ್ನಾವಳಿಯ ಪ್ರಕಾಶಕರೇ ಎಚ್ಚರಿಸುತ್ತಾರೆ. ಆದ್ದರಿಂದ ಅಕ್ಷರಗಳನ್ನು ಬದಿಗಿಟ್ಟು ನಿಮ್ಮ ಅಭ್ಯಾಸವನ್ನು ಒಂದು ವಾರ ಗಮನಿಸಿರಿ. ಯಾವ ಕೆಲಸದ ತರುವಾಯ ದಣಿವಾಯಿತು, ಯಾವುದರ ತರುವಾಯ ಉಲ್ಲಾಸವಾಯಿತು, ಯಾವ ಯೋಚನೆ ಕುರ್ಚಿಯಲ್ಲಲ್ಲದೆ ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು ಎಂಬುದನ್ನು ಬರೆದಿಟ್ಟರೆ ಆರಂಭಕ್ಕೆ ಅಷ್ಟು ಸಾಕು.

ಎರಡನೆಯ ಹೆಜ್ಜೆ: ಸಭೆಗೆ ಮುನ್ನ ಒಂದು ಪುಟ

ಹತ್ತು ಮಂದಿ ಕೂಡಿ ಗಟ್ಟಿಯಾಗಿ ಯೋಚಿಸಿದರೆ ಹೊಸ ವಿಚಾರಗಳು ಹೆಚ್ಚು ಹುಟ್ಟುವುವೆಂಬ ನಂಬಿಕೆಯನ್ನು ಪ್ರಚಾರಪಡಿಸಿದವರು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್. ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 1958ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕೆ ವಿರುದ್ಧವಾದುದನ್ನೇ ತೋರಿಸಿತು: ನಾಲ್ವರು ಬೇರೆಬೇರೆಯಾಗಿ ಕುಳಿತು ಯೋಚಿಸಿದುದನ್ನು ಕೂಡಿಸಿದಾಗ, ನಾಲ್ವರು ಒಟ್ಟಿಗೆ ಕುಳಿತು ಹೇಳಿದುದಕ್ಕಿಂತ ವಿಚಾರಗಳು ಹೆಚ್ಚಾಗಿದ್ದುವು. ಒಬ್ಬನು ಮಾತಾಡುವಾಗ ಉಳಿದವರು ತಮ್ಮ ಸರದಿಗೆ ಕಾಯಬೇಕಾಗುವುದೂ, ಕಾಯುತ್ತಿರುವಾಗಲೇ ಹೊಳೆದದ್ದು ಮರೆತುಹೋಗುವುದೂ ಇದರ ಮುಖ್ಯ ಕಾರಣಗಳೆಂದು ಮುಂದಿನ ಸಂಶೋಧನೆಗಳು ತಿಳಿಸಿದುವು. ಏಕಾಂತದಲ್ಲಿ ಯೋಚಿಸುವವನಿಗೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕಿಲ್ಲ.

ಆದರೆ ಏಕಾಂತದ ಯೋಚನೆಯನ್ನು ಸಭೆಗೆ ತರುವ ಹೊಣೆ ಅವನದೇ. ಸಭೆಯ ವಿಷಯಸೂಚಿಯನ್ನು ಹಿಂದಿನ ದಿನವೇ ಕೇಳಿ ಪಡೆಯಿರಿ. ಒಂದೇ ಪುಟದಲ್ಲಿ ಪ್ರಶ್ನೆಯೇನು, ನಿಮ್ಮ ಸಲಹೆಯೇನು, ಅದಕ್ಕೆ ಆಧಾರವೇನು, ಅದರಿಂದ ತೊಂದರೆಯಾಗುವುದು ಯಾರಿಗೆ ಎಂಬ ನಾಲ್ಕನ್ನು ಬರೆದು ಮೇಲಧಿಕಾರಿಗೆ ಮುಂಚಿತವಾಗಿ ಕಳುಹಿಸಿರಿ. ಸಭೆಯಲ್ಲಿ ಮೊದಲ ಹತ್ತು ನಿಮಿಷಗಳೊಳಗಾಗಿ ಒಂದು ಮಾತನ್ನಾದರೂ ಆಡಿಬಿಡುವುದು ಲೇಸು. ತಡವಾದಷ್ಟೂ ಬಾಯಿ ತೆರೆಯುವುದು ಕಠಿನವಾಗುತ್ತದೆ. ಉತ್ತರ ಕೂಡಲೇ ಹೊಳೆಯದಿದ್ದಲ್ಲಿ ಸುಮ್ಮನಿರಬಾರದು, ನಮ್ಮಲ್ಲಿ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವ ರೂಢಿ ಹಳೆಯದು. “ಸಾರ್, ಇದನ್ನು ಸ್ವಲ್ಪ ಯೋಚಿಸಬೇಕು, ನಾಳೆ ಹನ್ನೊಂದು ಗಂಟೆಯೊಳಗೆ ಬರೆದು ಕೊಡುತ್ತೇನೆ” ಎಂದು ಹೇಳಿ, ಹೇಳಿದ ಹೊತ್ತಿಗೆ ಕೊಡತಕ್ಕದ್ದು. ಅಮೆಜಾನ್ ಕಂಪನಿಯಲ್ಲಿ 2004ರಿಂದ ಹಿರಿಯರ ಸಭೆಗಳಲ್ಲಿ ಪವರ್‌ಪಾಯಿಂಟನ್ನು ಬಿಟ್ಟು, ಬರೆದು ತಂದ ಟಿಪ್ಪಣಿಯನ್ನು ಎಲ್ಲರೂ ಮೊದಲು ಮೌನವಾಗಿ ಓದಿ ಅನಂತರ ಚರ್ಚಿಸುವ ಪದ್ಧತಿಯುಂಟು. ಕಡತದಲ್ಲಿ ಕಂಡಿಕೆ ಕಂಡಿಕೆಯಾಗಿ ಟಿಪ್ಪಣಿ ಬರೆದು ಮಂಡಿಸುವ ನಮ್ಮ ಸರ್ಕಾರಿ ಕಚೇರಿಗಳಿಗೆ ಇದು ಅಪರಿಚಿತವಾದುದೇನಲ್ಲ; ನಮ್ಮ ಗುಮಾಸ್ತರು ಆ ಟಿಪ್ಪಣಿಯಲ್ಲಿ ಅಭಿಪ್ರಾಯವನ್ನು ಬರೆಯಲು ಹೆದರುತ್ತಾರೆ, ವ್ಯತ್ಯಾಸವಿಷ್ಟೇ.

ಮೂರನೆಯ ಹೆಜ್ಜೆ: ಅನುಮಾನಕ್ಕೆ ಆಧಾರ ಹುಡುಕುವುದು

ಈ ಹೆಜ್ಜೆಯ ಮೇಲೆಯೇ ಉಳಿದುದೆಲ್ಲವೂ ನಿಂತಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅಗ್ನಿಶಾಮಕದಳದವರ ನಿರ್ಣಯಗಳನ್ನು ಅಧ್ಯಯನಮಾಡಿದ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಒಬ್ಬ ಅಧಿಕಾರಿಯ ಪ್ರಸಂಗವನ್ನು ವರ್ಣಿಸಿದ್ದಾರೆ. ಮನೆಯೊಂದರ ಅಡಿಗೆಕೋಣೆಯ ಬೆಂಕಿಗೆ ನೀರು ಹಾಯಿಸುತ್ತಿದ್ದ ಆ ಅಧಿಕಾರಿಗೆ, ಏತಕ್ಕೆಂದು ತಿಳಿಯದೆಯೇ ಏನೋ ಸರಿಯಿಲ್ಲವೆಂದು ತೋರಿತು; ಅವನು ತನ್ನವರನ್ನೆಲ್ಲ ಒಡನೆಯೇ ಹೊರಕ್ಕೆ ಕರೆದನು. ಅವರು ಹೊರಬಂದುದೇ ತಡ, ನಿಂತಿದ್ದ ನೆಲ ಕುಸಿಯಿತು. ಬೆಂಕಿಯ ಮೂಲವಿದ್ದುದು ನೆಲಮಾಳಿಗೆಯಲ್ಲಿ. ತನಗೇನೋ ಅತೀಂದ್ರಿಯ ಶಕ್ತಿಯುಂಟೆಂದು ಅವನು ಭಾವಿಸಿದ್ದನು. ವಿಚಾರಿಸಿ ನೋಡಿದಾಗ, ಅಷ್ಟು ಸಣ್ಣ ಬೆಂಕಿಗೆ ಕೋಣೆಯಲ್ಲಿ ಅಷ್ಟು ಕಾವಿರಬಾರದಾಗಿತ್ತು, ಅಷ್ಟು ಕಾವಿದ್ದಲ್ಲಿ ಶಬ್ದ ಅಷ್ಟು ಕಡಿಮೆಯಿರಬಾರದಾಗಿತ್ತು ಎಂಬ ವಿಸಂಗತಿಗಳನ್ನು ಅವನ ಅನುಭವವು ಅವನಿಗರಿವಿಲ್ಲದೆಯೇ ಗುರುತಿಸಿದ್ದಿತು. ಒಳನೋಟದಲ್ಲಿ ದೈವಿಕವಾದುದೇನೂ ಇಲ್ಲ. ಹಿಂದೆ ಕಂಡುದರ ಗುರುತು ಹಿಡಿಯುವಿಕೆಯೇ ಅದೆಂದು, ಮನುಷ್ಯರು ನಿರ್ಣಯ ಕೈಗೊಳ್ಳುವ ಬಗೆಯನ್ನು ಅಧ್ಯಯನಮಾಡಿದ ಹರ್ಬರ್ಟ್ ಸೈಮನ್ ಅವರೂ ಹೇಳಿದರು.

ಈಗ ನಮ್ಮ ಊರಿನ ಯಾವುದಾದರೊಂದು ಸಹಕಾರಿ ಬ್ಯಾಂಕಿನ ಸಾಲವಿಭಾಗವನ್ನು ಕಲ್ಪಿಸಿಕೊಳ್ಳಿರಿ. ಅರ್ಜಿಯ ಜೊತೆ ಪಹಣಿ, ಋಣಭಾರ ಪತ್ರ, ಜಾಮೀನುದಾರರ ಸಹಿ ಎಲ್ಲವೂ ಇದ್ದರೂ ಗುಮಾಸ್ತೆಗೆ ಮನಸ್ಸು ಒಪ್ಪುತ್ತಿಲ್ಲ. “ಏನಮ್ಮಾ, ಕಾಗದಪತ್ರ ಎಲ್ಲಾ ಸರಿ ಇದೆಯಲ್ಲಾ?” ಎಂದು ಮ್ಯಾನೇಜರು ಕೇಳಿದರೆ, “ಸರಿ ಇದೆ ಸಾರ್, ಆದರೂ ಯಾಕೋ...” ಎಂದು ಅವರ ಮಾತು ಅರ್ಧಕ್ಕೇ ನಿಲ್ಲುತ್ತದೆ, ಸಾಲ ಮಂಜೂರಾಗುತ್ತದೆ. ಇದರ ಬದಲು ಆಕೆ ಅರ್ಧ ಗಂಟೆ ಬೇಡಿ, ಆ ತಿಂಗಳ ಅರ್ಜಿಗಳನ್ನು ಮುಂದಿಟ್ಟುಕೊಂಡು, ತನ್ನ ಕಣ್ಣು ಯಾವುದರ ಮೇಲೆ ತಡೆಯಿತೆಂದು ಹುಡುಕಲಿ. ಮೂರು ಅರ್ಜಿಗಳಿಗೆ ಜಾಮೀನು ನಿಂತವರು ಒಬ್ಬರೇ, ಮೂರಕ್ಕೂ ಛಾಪಾಕಾಗದ ಕೊಂಡುದು ಒಂದೇ ದಿನ, ಮೂರನ್ನೂ ತುಂಬಿದ ಕೈಬರಹ ಒಂದೇ ಎಂಬುದು ಆಗ ಕಾಣಬಹುದು. “ಅನುಮಾನಾಸ್ಪದವಾಗಿದೆ” ಎಂದು ಬರೆದರೆ ಯಾರೂ ಲಕ್ಷಿಸರು. “ಈ ಮೂರು ಅರ್ಜಿಗಳ ಜಾಮೀನುದಾರರು ಒಬ್ಬರೇ ಆಗಿರುವುದರಿಂದ, ಒಟ್ಟು ಹೊಣೆಯನ್ನು ಲೆಕ್ಕಹಾಕಿ ಸ್ಥಳ ಪರಿಶೀಲನೆ ಆಗುವವರೆಗೆ ಮಂಜೂರಾತಿಯನ್ನು ತಡೆಹಿಡಿಯಬಹುದು” ಎಂದು ಬರೆದ ಟಿಪ್ಪಣಿಯನ್ನು ದಾಟಿಹೋಗಲು ಯಾವ ಮ್ಯಾನೇಜರಿಗೂ ಧೈರ್ಯ ಸಾಲದು. ಹುಡುಕಿದರೂ ಏನೂ ಸಿಗದಿದ್ದಲ್ಲಿ ಅರ್ಜಿಯನ್ನು ಮುಂದಕ್ಕೆ ಕಳುಹಿಸಬೇಕು. ಬರಿಯ ತೋರಿಕೆಯಿಂದ ರೈತನೊಬ್ಬನ ಸಾಲವನ್ನು ತಡೆಯುವುದು ಅನ್ಯಾಯ.

ನಾಲ್ಕನೆಯ ಹೆಜ್ಜೆ: ದಿನಾಂಕವಿರುವ ಪುಸ್ತಕ

ತನ್ನ ಸಿದ್ಧಾಂತಕ್ಕೆ ಪ್ರತಿಕೂಲವಾದ ಸಂಗತಿಗಳು ಅನುಕೂಲವಾದವುಗಳಿಗಿಂತ ಬೇಗ ಮರೆತುಹೋಗುವುವೆಂದು ಅರಿತಿದ್ದ ಡಾರ್ವಿನ್, ಅಂಥವು ಕಂಡೊಡನೆ ಬರೆದಿಡುವ ನಿಯಮವನ್ನು ಪಾಲಿಸುತ್ತಿದ್ದುದಾಗಿ ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಒಳನೋಟವನ್ನು ನೆಚ್ಚುವವರಿಗೆ ಈ ನಿಯಮ ಅತ್ಯಗತ್ಯ. ತನ್ನ ಊಹೆಯನ್ನು ತಾನೇ ಮೋಹಿಸುವುದು ಈ ಸ್ವಭಾವದವರ ಸಾಮಾನ್ಯ ದೋಷ. ಒಂದು ಪುಸ್ತಕದಲ್ಲಿ ದಿನಾಂಕ, ನಿಮ್ಮ ಊಹೆ, ಅದು ತಪ್ಪೆಂದು ಯಾವುದರಿಂದ ಗೊತ್ತಾದೀತು ಎಂಬ ಮೂರನ್ನು ಬರೆಯಿರಿ. ಮೂರು ತಿಂಗಳಿಗೊಮ್ಮೆ ತೆರೆದು ಫಲವನ್ನು ಪಕ್ಕದಲ್ಲಿ ಗುರುತಿಸಿರಿ. ಕ್ಲೈನ್ ಅವರೂ ಒಳನೋಟವನ್ನು ಸಂಶಯಿಸುತ್ತಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಅವರೂ ಜೊತೆಗೂಡಿ 2009ರಲ್ಲಿ ಬರೆದ ಪ್ರಬಂಧದ ಸಾರಾಂಶವನ್ನು ಇಲ್ಲಿ ನೆನೆಯಬೇಕು: ಕ್ಷೇತ್ರದಲ್ಲಿ ಒಂದು ಕ್ರಮವಿದ್ದು, ತಪ್ಪು ಒಪ್ಪುಗಳು ಬಹುಕಾಲ ಕಣ್ಣಿಗೆ ಬಿದ್ದು ಕಲಿಯಲು ಅವಕಾಶವಿದ್ದರೆ ಮಾತ್ರ ಒಳನೋಟ ನಂಬಿಕೆಗೆ ಅರ್ಹ. ಸಾಲದ ಅರ್ಜಿಯಲ್ಲಿ ಇವೆರಡೂ ಉಂಟು. ಐದು ವರ್ಷಗಳ ಮೇಲೆ ಷೇರುಪೇಟೆ ಏನಾಗುವುದೆಂಬುದರಲ್ಲಿ ಇಲ್ಲ. ಹೊಸ ವಿಭಾಗಕ್ಕೆ ವರ್ಗವಾಗಿ ಬಂದವರು ಮೊದಲ ವರ್ಷ ತಮ್ಮ ಒಳನೋಟದ ಮಾತನ್ನು ಅರ್ಧ ಮಾತ್ರ ನಂಬುವುದು ಕ್ಷೇಮ.

ಐದನೆಯ ಹೆಜ್ಜೆ: ಕೇಡನ್ನು ಮುಂದಾಗಿ ಬರೆಯುವುದು

ಯೋಜನೆಯಲ್ಲಿ ದೋಷ ತೋರಿದಾಗ ನೇರವಾಗಿ ಹೇಳಿದರೆ ಅಪಶಕುನ ನುಡಿದನೆಂಬ ಆಪಾದನೆ ಬರುತ್ತದೆ. ಇದಕ್ಕೆ ಕ್ಲೈನ್ ಅವರೇ ಸೂಚಿಸಿದ ‘ಪ್ರೀ-ಮಾರ್ಟಮ್’ ಎಂಬ ಉಪಾಯವುಂಟು. ಕೆಲಸ ಆರಂಭವಾಗುವ ಮೊದಲೇ, ಅದು ಪೂರ್ತಿ ಕೆಟ್ಟುಹೋಗಿದೆಯೆಂದು ಭಾವಿಸಿ, ಕೆಟ್ಟುದಕ್ಕೆ ಕಾರಣವೇನೆಂದು ಪ್ರತಿಯೊಬ್ಬರೂ ಕೆಲವು ನಿಮಿಷ ಮೌನವಾಗಿ ಬರೆದು, ಬಳಿಕ ಸರದಿಯಂತೆ ಒಂದೊಂದನ್ನೇ ಓದಬೇಕು. ಸಭೆಯಲ್ಲಿ ಇದನ್ನು ಪ್ರಸ್ತಾಪಿಸಲು ಒಂದು ವಾಕ್ಯ ಸಾಕು. ಮುಂದಿನದೆಲ್ಲ ಬರವಣಿಗೆಯಾದುದರಿಂದ ಮಿತಭಾಷಿಗೆ ಅನುಕೂಲ, ದೋಷ ತೋರಿಸುವುದು ಎಲ್ಲರ ಕರ್ತವ್ಯವೇ ಆಗುವುದರಿಂದ ಅಪವಾದವೂ ಇಲ್ಲ.

ಆರನೆಯ ಹೆಜ್ಜೆ: ಕಾಲವನ್ನು ಕಾಯುವುದು, ಲೆಕ್ಕವನ್ನು ಒಪ್ಪಿಸುವುದು

ದಿನಕ್ಕೆ ಒಂದೂವರೆ ಗಂಟೆಯಾದರೂ ಫೋನು, ವಾಟ್ಸಾಪ್ ಇಲ್ಲದ ಅವಧಿಯನ್ನು ಗೊತ್ತುಮಾಡಿ, ಅದನ್ನು ಸಹೋದ್ಯೋಗಿಗಳಿಗೆ ಮೊದಲೇ ತಿಳಿಸಿರಿ. ಹೇಳದೆ ಬಾಗಿಲು ಮುಚ್ಚಿಕೊಂಡರೆ ಜಂಬದವನೆಂಬ ಹೆಸರು ಬರುತ್ತದೆ. ಮಧ್ಯಾಹ್ನದ ಊಟಕ್ಕೆ ಮಾತ್ರ ಎಲ್ಲರೊಡನೆ ಕೂರುವುದು ಒಳಿತು. ಹಾಗೆಯೇ ರಜೆಯ ಅರ್ಜಿ, ಪ್ರಯಾಣಭತ್ಯೆಯ ಬಿಲ್ಲು, ತಃಖ್ತೆಯ ಕೊನೆಯ ಅಂಕಣ ಮೊದಲಾದ ಸಣ್ಣ ವಿವರಗಳನ್ನು ಈ ಸ್ವಭಾವದವರು ಬಿಟ್ಟುಬಿಡುವುದುಂಟು. ವಿವರದಲ್ಲಿ ನಿಷ್ಠೆಯುಳ್ಳ ಸಹೋದ್ಯೋಗಿಯೊಬ್ಬರಿಗೆ ತೋರಿಸಿ ತಿದ್ದಿಸಿಕೊಂಡು, ಅವರ ಹೆಸರನ್ನು ಟಿಪ್ಪಣಿಯಲ್ಲಿ ಕೃತಜ್ಞತೆಯಿಂದ ನಮೂದಿಸತಕ್ಕದ್ದು.

ವಾರ್ಷಿಕ ಮೌಲ್ಯಮಾಪನದ ನಮೂನೆಯನ್ನು ತುಂಬುವಾಗ “ವಹಿಸಿದ ಕೆಲಸಗಳನ್ನು ನಿರ್ವಹಿಸಿದ್ದೇನೆ” ಎಂಬ ಒಂದೇ ಸಾಲನ್ನು ಬರೆದು ಮುಗಿಸುವವರು ಬಹುತೇಕ ಇವರೇ. ನಾಲ್ಕನೆಯ ಹೆಜ್ಜೆಯ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಇಂಥ ದಿನಾಂಕದಂದು ಇಂಥ ತೊಂದರೆಯನ್ನು ಸೂಚಿಸಲಾಯಿತು, ಇಂಥ ಕ್ರಮ ಕೈಗೊಂಡುದರಿಂದ ಇಷ್ಟು ಉಳಿತಾಯವಾಯಿತು ಎಂದು ಐದಾರು ಸಾಲುಗಳನ್ನು ನಮೂನೆಗೆ ಲಗತ್ತಿಸಿರಿ, ಫಲಿಸದ ಊಹೆಗಳಲ್ಲಿ ಒಂದನ್ನೂ ಸೇರಿಸಿದರೆ ಓದುವವರಿಗೆ ಉಳಿದವುಗಳಲ್ಲಿ ನಂಬಿಕೆ ಹುಟ್ಟುತ್ತದೆ. ಇಂಥವರನ್ನು ಕೈಕೆಳಗೆ ಪಡೆದಿರುವ ಅಧಿಕಾರಿಗಳು ಮಾಡಬೇಕಾದುದು ಇನ್ನೂ ಕಡಿಮೆ: ವಿಷಯಸೂಚಿಯನ್ನು ಹಿಂದಿನ ದಿನ ಕಳುಹಿಸುವುದು, ಸಭೆ ಮುಗಿದ ಮರುದಿನ ಮಧ್ಯಾಹ್ನದವರೆಗೆ ಲಿಖಿತ ಅಭಿಪ್ರಾಯಗಳನ್ನು ಸ್ವೀಕರಿಸುವುದು, ಅಲ್ಲಿಯವರೆಗೆ ನಡಾವಳಿಗೆ ಸಹಿ ಹಾಕದಿರುವುದು.