ಖಾತ್ರಿಯೆನಿಸಿದಾಗಲೂ ಮುಟ್ಟಿ ನೋಡು

ಮಗಳೇ,

ಎನ್. ಬೇಗೂರಿನ ಕಡೆ ಡಾಕ್ಟರಾಗಿ ಡ್ಯೂಟಿಗೆ ಹೊರಟಿದ್ದೀಯ, ಬಹಳ ಸಂತೋಷ. ಹೆಗ್ಗಡದೇವನಕೋಟೆಯ ಆ ಕಾಡಂಚಿನಲ್ಲಿ ಹಾಡಿಗಳ ಜೇನುಕುರುಬರೂ ಬೆಟ್ಟಕುರುಬರೂ ಬರುತ್ತಾರೆ, ರಾಗಿ, ಹತ್ತಿ ಬೆಳೆಯುವ ರೈತರೂ ಬರುತ್ತಾರೆ. ತುರಿಕೆ, ಕಲೆ, ಗಾಯ ಎನ್ನುವವರು ದಿನವೂ ಇದ್ದೇ ಇರುತ್ತಾರೆ. ಅವರ ಸಲುವಾಗಿಯೇ ಈ ಪತ್ರ.

ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಬರೆಯುವ ವೈದ್ಯರೂ ಚರ್ಮದ ಕಲೆಗೆ ಕುಳಿತಲ್ಲಿಂದಲೇ ಹೆಸರಿಟ್ಟುಬಿಡುತ್ತಾರೆ. ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೇ ಆ ಧೈರ್ಯ. ಆ ಧೈರ್ಯವನ್ನು ಎಷ್ಟು ನಂಬಬಹುದು? ಅಮೆರಿಕದಲ್ಲಿ 118 ವೈದ್ಯರಿಗೆ ಸಾಮಾನ್ಯ ವೈದ್ಯಕೀಯದ ಕೇಸುಗಳನ್ನು ಕೊಟ್ಟು ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸುಲಭದ ಕೇಸುಗಳಲ್ಲಿ ಸುಮಾರು ಶೇ. 55 ಉತ್ತರ ಸರಿ ಬಂದವು, ಕಷ್ಟದವುಗಳಲ್ಲಿ ಶೇ. 6 ಕೂಡ ಮುಟ್ಟಲಿಲ್ಲ. ಅವರ ಆತ್ಮವಿಶ್ವಾಸ ಮಾತ್ರ ಹತ್ತಕ್ಕೆ 7.2 ಇದ್ದದ್ದು 6.4ಕ್ಕೆ ಇಳಿಯಿತು, ಅಷ್ಟೇ. ವಿಶ್ವಾಸ ಹೆಚ್ಚಿದ್ದಷ್ಟೂ ಪರೀಕ್ಷೆ ಕೇಳಿದ್ದು ಕಡಿಮೆ. ಪರೀಕ್ಷೆ ಬೇಕೋ ಬೇಡವೋ ಎಂಬ ತೀರ್ಮಾನವನ್ನು ಧೈರ್ಯದ ಕೈಗೆ ಕೊಡಬೇಡ ಎನ್ನುವುದು ಇದಕ್ಕೇ.

ತೋಳಿನ ಮೇಲೊಂದು ಮಾಸಲು ಬಿಳಿ ಕಲೆ ಕಂಡರೆ ಸಿಬ್ಬು ಅನಿಸುತ್ತದೆ. ಎಷ್ಟೋ ಸಲ ಸಿಬ್ಬೇ ಆಗಿರುತ್ತದೆ. ಆದರೆ ಕುಷ್ಠವೂ ಹೀಗೇ ಶುರುವಾಗಬಹುದು. 2005ರ ಡಿಸೆಂಬರಿನಲ್ಲಿ ದೇಶದಲ್ಲಿ ಅದರ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು, ಆದರೆ ರೋಗ ಹೋಗಿಲ್ಲ. ಹಾಗಾಗಿ ಕಲೆಯಲ್ಲಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಲು ಹತ್ತಿಯ ತುದಿಯನ್ನು ಹೊಸೆದು ಎಳೆ ಮಾಡಿಕೋ. ಮೊದಲು ರೋಗಿ ನೋಡುತ್ತಿರುವಾಗಲೇ ಮುಟ್ಟಿ ತೋರಿಸು. ಆಮೇಲೆ ಕಣ್ಣು ಮುಚ್ಚಿಸಿ, ಒಮ್ಮೆ ಒಳ್ಳೆಯ ಚರ್ಮ, ಒಮ್ಮೆ ಕಲೆ ಮುಟ್ಟು. ಮುಟ್ಟಿದ ಜಾಗಕ್ಕೆ ಬೆರಳಿಡಲು ಹೇಳು. ಸವರಬೇಡ. ಮೊಣಕೈ ಒಳಮಗ್ಗುಲಿನ ನರ ದಪ್ಪಗಾಗಿದೆಯೇ ಎಂದು ಎರಡೂ ಕೈ ಹೋಲಿಸಿ ನೋಡು. ಮುಖದ ಕಲೆಯಲ್ಲಿ ಸ್ಪರ್ಶ ಉಳಿದಿರಬಹುದು, ಪುಟ್ಟ ಮಕ್ಕಳ ಉತ್ತರ ನೆಚ್ಚುವಂತಿಲ್ಲ. ಅಲ್ಲಿ ಅವಸರದಲ್ಲಿ 'ಕುಷ್ಠವಲ್ಲ' ಎನ್ನಬೇಡ. ಆರು ಅಥವಾ ಹನ್ನೆರಡು ತಿಂಗಳ ಉಚಿತ ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ ಅದು. ತಡವಾಗಿ ನರ ಸತ್ತು ಬೆರಳು ಮಡಚಿಕೊಂಡರೆ ಮಾತ್ರೆಯಿಂದ ನೆಟ್ಟಗಾಗುವುದಿಲ್ಲ.

ಹುಳುಕಡ್ಡಿಯವರು ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡೇ ಬರುತ್ತಾರೆ. ತುರಿಕೆ ಇಳಿದಿರುತ್ತದೆ, ಉಂಗುರದ ಅಂಚು ಮಾಸಿರುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಿರುತ್ತದೆ. ಟ್ಯೂಬು ತರಿಸಿ ನೋಡು. ಅಂಚಿನ ಹೊಟ್ಟು ಕೆರೆದು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿಸಿ ಸೂಕ್ಷ್ಮದರ್ಶಕದಡಿ ಇಡಿಸು.

ಇದೆಲ್ಲ ಆದಷ್ಟು ಬಂದ ದಿನವೇ ಆಗಲಿ. ಹಾಡಿಯವರು ಕೂಲಿಗೆಂದು ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ; 'ಮುಂದಿನ ವಾರ ಬನ್ನಿ' ಎಂದರೆ ತಿಂಗಳುಗಟ್ಟಲೆ ಸಿಗದೇ ಹೋಗಬಹುದು. ಅನುಮಾನ ಉಳಿದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕಳಿಸು, ಯಾಕೆ ಕಳಿಸುತ್ತಿದ್ದೀಯೆಂದು ಕೂತು ಹೇಳು. 'ನನಗೆ ಹೀಗನಿಸುತ್ತದೆ, ಖಾತ್ರಿ ಮಾಡಿಕೊಳ್ಳೋಣ' ಎಂದ ಡಾಕ್ಟರ ಮೇಲೆ ಜನ ನಂಬಿಕೆ ಕಳೆದುಕೊಳ್ಳುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು ಹೋಗುವವರಿಗೆ ಕಾರಣ ತಿಳಿಸುವುದು ನಿನ್ನ ಕರ್ತವ್ಯ.

ಒಂದು ನೋಟ್‌ಬುಕ್ ಇಟ್ಟುಕೋ. ನಿನ್ನ ಅಂದಾಜು, ಹತ್ತಕ್ಕೆ ಎಷ್ಟು ಖಾತ್ರಿ, ಕೊನೆಗೆ ಬಂದ ಫಲಿತಾಂಶ, ಈ ಮೂರನ್ನೂ ಬರೆ. ಕಳಿಸಿದವರಿಗೆ ಏನಾಯಿತೆಂದು ಫೋನ್ ಮಾಡಿ ವಿಚಾರಿಸು. ಒಂಬತ್ತು ಎಂದು ಬರೆದವುಗಳಲ್ಲಿ ಎಷ್ಟು ನಿಜಕ್ಕೂ ಸರಿಯಿದ್ದವು ಎಂದು ವರ್ಷದ ಕೊನೆಗೆ ಎಣಿಸು. ಆ ಲೆಕ್ಕ ಕೊಡುವ ಧೈರ್ಯವನ್ನು ನಂಬು.

ಇಂತಿ,
ನಿನ್ನ ದೊಡ್ಡಪ್ಪ