ಅಗಲಿದವರನ್ನು ಸ್ಮರಿಸತಕ್ಕ ರೀತಿ

ಮರಣವು ಮನುಷ್ಯರೆಲ್ಲರಿಗೂ ಸಾಮಾನ್ಯವಾದದ್ದು. ಮೃತರಾದ ಪ್ರಿಯರನ್ನು ಮರೆಯಬಾರದೆಂಬ ಆಸೆಯೂ ಅಷ್ಟೇ ಸಾಮಾನ್ಯವಾದದ್ದು. ಹಿಂದೂಗಳು ಭಾದ್ರಪದ ಮಾಸದ ಕೃಷ್ಣಪಕ್ಷದಲ್ಲಿ ಪಿತೃಗಳನ್ನು ನೆನೆದು ಮಹಾಲಯವನ್ನು ಆಚರಿಸುತ್ತಾರೆ. ರೋಮನ್ ಕಥೋಲಿಕರು ನವೆಂಬರ್ 2ನೆಯ ತಾರೀಖಿನಲ್ಲಿ ಸಮಾಧಿಗಳ ಮೇಲೆ ಹೂವಿಟ್ಟು ದೀಪ ಹಚ್ಚುತ್ತಾರೆ. ಮುಸಲ್ಮಾನರಲ್ಲಿ ಅನೇಕರು ಷಬೆ ಬರಾತ್ ರಾತ್ರಿಯಲ್ಲಿ ಖಬರಸ್ತಾನಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಆಚಾರಗಳು ಬೇರೆ ಬೇರೆ. ಹೃದಯದ ನೋವು ಒಂದೇ. ಆದಕಾರಣ ಈ ಪಾಠದಲ್ಲಿ ಆಚಾರಗಳ ಗುಣದೋಷಗಳನ್ನು ವಿಚಾರಿಸದೆ, ಅಗಲಿದವರಿಗೆ ಸಲ್ಲತಕ್ಕ ನಿಜವಾದ ಗೌರವ ಯಾವುದು, ಅದನ್ನು ಸಲ್ಲಿಸುವದು ಹೇಗೆ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ನೋಡೋಣ. ಇದನ್ನು ಕಲಿಸುವದಕ್ಕೆ ಕನ್ನಡನಾಡಿನ ಕಲ್ಲುಗಳೇ ಒಳ್ಳೆಯ ಉಪಾಧ್ಯಾಯರಾಗಿರುತ್ತವೆ.

1. ವೀರಗಲ್ಲು

ನಮ್ಮ ಹಳ್ಳಿಗಳ ದೇವಾಲಯದ ಬಳಿಯಲ್ಲಿಯೂ ಕೆರೆಯ ಏರಿಯ ಮೇಲೆಯೂ ಚಿತ್ರ ಕೆತ್ತಿದ ಕಲ್ಲುಗಳು ನಿಂತಿರುವದನ್ನು ನೀವು ಕಂಡಿರಬಹುದು. ಇವು ವೀರಗಲ್ಲುಗಳು. ಊರಿನ ದನಗಳನ್ನು ಕಳ್ಳರಿಂದ ಬಿಡಿಸುವಾಗ, ಇಲ್ಲವೆ ಹೆಂಗಸರ ಮಾನವನ್ನು ಕಾಯುವಾಗ ಮಡಿದವನಿಗೆ ಊರಿನವರು ನಿಲ್ಲಿಸಿದ ಗುರುತುಗಳು. ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಆತನು ಕಾದಾಡುವ ಚಿತ್ರವಿರುತ್ತದೆ. ನಡುವೆ ಅಪ್ಸರೆಯರು ಆತನನ್ನು ಕರೆದೊಯ್ಯುತ್ತಾರೆ. ಮೇಲೆ ಆತನು ತನ್ನ ದೇವರ ಸನ್ನಿಧಿಯಲ್ಲಿದ್ದಾನೆ. ತುದಿಯಲ್ಲಿ ಸೂರ್ಯಚಂದ್ರರಿರುತ್ತಾರೆ. ಅವರು ಇರುವ ತನಕ ಈ ಸ್ಮರಣೆಯು ಇರಲಿ ಎಂಬದೇ ಅದರ ಅಭಿಪ್ರಾಯ.

ಇಂಥ ಕಲ್ಲುಗಳಲ್ಲಿ ಆತಕೂರಿನದು ಬಹು ಪ್ರಸಿದ್ಧವಾದದ್ದು. ಇದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರಾಜನಾದ ಬೂತುಗನ ಸೇವಕ ಮಣಲೇರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ದೊಡ್ಡ ಕಾಡುಹಂದಿಯೊಂದರೊಡನೆ ಹೋರಾಡಿತು. ಹಂದಿಯೂ ನಾಯಿಯೂ ಎರಡೂ ಸತ್ತವು. ಮಣಲೇರನು ತನ್ನ ನಾಯಿಗಾಗಿ ಕಲ್ಲು ನಿಲ್ಲಿಸಿದನು. ಅದರ ಪೂಜೆಗಾಗಿ ಭೂಮಿಯೂ ಬಿಡಲ್ಪಟ್ಟಿತು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವೆಂದೂ ಬರೆಯಿಸಲಾಯಿತು. ಕ್ರಿ. ಶ. 949-50ರ ಈ ಕಲ್ಲು ತಕ್ಕೋಲದ ಯುದ್ಧವನ್ನೂ ಹೇಳುವದರಿಂದ ಚರಿತ್ರಕಾರರಿಗೆ ಅಮೂಲ್ಯವಾಗಿದೆ.

ವೀರಗಲ್ಲಿನಿಂದ ನಾವು ಮೂರು ಸಂಗತಿಗಳನ್ನು ಗ್ರಹಿಸಬಹುದು. ಮೊದಲನೆಯದು ಹೆಸರು. ಎರಡನೆಯದು ಆತನು ಮಾಡಿದ ಕಾರ್ಯ. ಮೂರನೆಯದು ಉಳಿದವರ ಪೋಷಣೆ. ಮಡಿದವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿಯಿತ್ತು. ಅದಕ್ಕೆ ನೆತ್ತರುಕೊಡಗೆ ಎಂಬ ಹೆಸರೂ ಇತ್ತು. ಸತ್ತವನನ್ನು ಹೊಗಳಿ ಅವನ ಮಕ್ಕಳನ್ನು ಹಸಿವಿಗೆ ಬಿಡುವದು ಗೌರವವಲ್ಲವೆಂದು ನಮ್ಮ ಪೂರ್ವಿಕರು ತಿಳಿದಿದ್ದರು.

2. ಮಾಸ್ತಿಕಲ್ಲು

ಹಾಗಾದರೆ ಸ್ತ್ರೀಯರ ಸ್ಮರಣೆಯು ಹೇಗಿತ್ತು? ವೀರಗಲ್ಲುಗಳ ಪಕ್ಕದಲ್ಲಿಯೇ ಅನೇಕ ಕಡೆ ಮಾಸ್ತಿಕಲ್ಲುಗಳಿವೆ. ಒಂದು ಕಂಬ, ಅದರಿಂದ ಹೊರಟು ಮೇಲಕ್ಕೆತ್ತಿದ ಒಂದು ತೋಳು, ತೋಳಿನಲ್ಲಿ ಬಳೆ, ಬೆರಳುಗಳ ನಡುವೆ ನಿಂಬೆಯ ಹಣ್ಣು. ಗಂಡನ ಚಿತೆಯನ್ನೇರಿದವಳ ಗುರುತು ಇದು. ಇಂಥ ಎಷ್ಟೋ ಕಲ್ಲುಗಳ ಮೇಲೆ ಅವಳ ಹೆಸರು ಸಹ ಇಲ್ಲ. ಅವಳು ಯಾರ ಮಗಳು, ಏನು ಬಲ್ಲವಳಾಗಿದ್ದಳು, ಯಾರನ್ನು ಸಾಕಿದಳು ಎಂಬದು ಒಂದೂ ತಿಳಿಯದು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿರುವ 1057ರ ಶಾಸನವು ದೇಕಬ್ಬೆಯ ಹೆಸರನ್ನು ಉಳಿಸಿಕೊಟ್ಟಿದೆ. ಆಕೆ ಬೆಂಕಿಯನ್ನು ಪ್ರವೇಶಿಸುವಾಗ ತಂದೆತಾಯಿಗಳೂ ಬಂಧುಗಳೂ ಬೇಡವೆಂದು ತಡೆದರೆಂಬದನ್ನೂ ಆ ಶಾಸನವೇ ತಿಳಿಸುತ್ತದೆ. ಹೊಗಳುವದಕ್ಕಾಗಿ ಬರೆದ ಕಲ್ಲಿನೊಳಗೂ ತಾಯಿಯ ಅಳುವು ಕೇಳಿಬರುತ್ತದಲ್ಲವೆ? ಬಂಗಾಳದಲ್ಲಿ 1829ರ ಶಾಸನದಿಂದ ಸಹಗಮನವು ನಿಷಿದ್ಧವಾಯಿತು; 1987ರ ಕಾಯಿದೆಯು ಅದನ್ನು ವೈಭವದಿಂದ ಕೊಂಡಾಡುವದನ್ನೂ ಅಪರಾಧವೆಂದು ಗೊತ್ತುಮಾಡಿತು. ಸಾಯುವದರಿಂದ ಮಾತ್ರ ದೊರೆಯುವ ಗೌರವವನ್ನು ಯಾವ ಸ್ತ್ರೀಯೂ ಬಯಸಬೇಕಾಗಿಲ್ಲ.

3. ಬಾಳನ್ನು ಹೇಳುವ ಸ್ಮಾರಕಗಳು

ಶ್ರವಣಬೆಳಗೊಳದಲ್ಲಿ ಬೇರೊಂದು ವಿಧದ ಕಲ್ಲಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ತನ್ನ ಪತ್ನಿ ಲಕ್ಷ್ಮೀಮತಿಗಾಗಿ 12ನೆಯ ಶತಮಾನದಲ್ಲಿ ನಿಷಿಧಿಯನ್ನು ನಿಲ್ಲಿಸಿದನು. ಆಕೆ ಜೈನವಿಧಿಯಿಂದ ಸಮಾಧಿಮರಣವನ್ನು ಹೊಂದಿದ ಸಂಗತಿಯೊಡನೆ, ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಮಾಡುತ್ತಿದ್ದವಳೆಂಬ ಪ್ರಶಂಸೆಯೂ ಅಲ್ಲಿದೆ. ಹಸಿದವರಿಗೆ ಅನ್ನ, ಹೆದರಿದವರಿಗೆ ಆಶ್ರಯ, ರೋಗಿಗಳಿಗೆ ಮದ್ದು, ಕಲಿಯುವವರಿಗೆ ಗ್ರಂಥ. ಇದನ್ನು ಓದಿದವರಿಗೆ ಆಕೆ ಹೇಗೆ ಬಾಳಿದಳೆಂಬದು ತಿಳಿಯುತ್ತದೆ.

ಸತ್ಯವೇದದಲ್ಲಿ, ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ, ಇದಕ್ಕೆ ಹೋಲುವ ಸಂಗತಿಯಿದೆ. ಯೊಪ್ಪ ಪಟ್ಟಣದ ತಬಿಥಾ, ಅಂದರೆ ದೊರ್ಕ ಎಂಬವಳು ತೀರಿಹೋದಾಗ ವಿಧವೆಯರು ಪೇತ್ರನ ಸುತ್ತಲೂ ನಿಂತು ಅಳುತ್ತಾ, ಆಕೆ ತಮ್ಮೊಂದಿಗಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರು. ಅವರು ದೊಡ್ಡ ಮಾತುಗಳನ್ನಾಡಲಿಲ್ಲ. ಅವಳ ಕೈಕೆಲಸವೇ ಅವಳ ಪರವಾಗಿ ಮಾತಾಡಿತು. ಸ್ನೇಹಿತರು ಸ್ನೇಹಿತೆಯನ್ನು ಸ್ಮರಿಸತಕ್ಕ ರೀತಿಗೆ ಇದಕ್ಕಿಂತ ಸರಳವಾದ ಮಾದರಿಯು ಸಿಕ್ಕುವದು ಕಷ್ಟ.

ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಆರಂಭವಾಯಿತು. ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಮಿಷನೆರಿಯ ಪತ್ನಿಯ ಸ್ಮರಣಾರ್ಥವಾಗಿ ಅದಕ್ಕೆ ಆ ಹೆಸರು ಬಂದಿದೆ. ಆಕೆಯ ಮುಖವನ್ನು ಕಾಣದ ಎಷ್ಟೋ ತಾಯಂದಿರು ಅಲ್ಲಿ ಆರೈಕೆಯನ್ನು ಹೊಂದಿದ್ದಾರೆ. ವೀರಗಲ್ಲಿನ ಮೂರನೆಯ ಪಾಠವು ಇಲ್ಲಿ ಕಟ್ಟಡವಾಗಿ ನಿಂತಿದೆ.

4. ನಾವು ಮಾಡತಕ್ಕದ್ದೇನು?

ಪ್ರಿಯ ವಿದ್ಯಾರ್ಥಿನಿಯರೇ, ಕಾಳಿ ಎಂಬ ನಾಯಿಯ ಹೆಸರು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಉಳಿದುಬಂದಿದೆ. ನಿಮ್ಮ ಅಜ್ಜಿಯ ತಾಯಿಯ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹೆಂಗಸರ ಕೆಲಸವು ಬಹುಮಟ್ಟಿಗೆ ಒಲೆಯ ಮುಂದೆ, ತೊಟ್ಟಿಲಿನ ಪಕ್ಕದಲ್ಲಿ, ಹೊಲದಲ್ಲಿ ನಡೆಯಿತು; ಅದನ್ನು ಕಲ್ಲಿನಲ್ಲಿ ಕೆತ್ತುವವರು ವಿರಳ. ಆದರೆ ನಿಮಗೆ ಅಕ್ಷರವಿದೆ. ಅನೇಕ ಅಜ್ಜಿಯರಿಗೆ ದೊರೆಯದ ಈ ಸಾಧನವನ್ನು ಅವರಿಗಾಗಿಯೇ ಮೊದಲು ಉಪಯೋಗಿಸಿರಿ.

ಒಂದು ಗಟ್ಟಿಯಾದ ನೋಟುಪುಸ್ತಕವನ್ನು ತೆಗೆದುಕೊಂಡು ಒಬ್ಬೊಬ್ಬರಿಗೆ ಒಂದೆರಡು ಪುಟಗಳನ್ನು ಬಿಡಿರಿ. ಪೂರ್ಣ ಹೆಸರು, ತವರೂರು, ಹುಟ್ಟಿದ ಮತ್ತು ತೀರಿಹೋದ ವರ್ಷಗಳನ್ನು ಬರೆಯಿರಿ. ವರ್ಷವು ತಿಳಿಯದಿದ್ದರೆ ಊರೆಲ್ಲ ಬಲ್ಲ ಸಂಗತಿಯನ್ನು ಹಿಡಿದು ಕೇಳಿರಿ: 1956ರಲ್ಲಿ ರಾಜ್ಯದ ಏಕೀಕರಣವಾದಾಗ ಅಜ್ಜಿಗೆ ಮದುವೆಯಾಗಿತ್ತೇ? 1973ರಲ್ಲಿ ಕರ್ನಾಟಕವೆಂದು ಹೆಸರಾದಾಗ ತಂದೆಯವರು ಹುಟ್ಟಿದ್ದರೇ? ಹಳೆಯ ಸಭೆಗಳ ದೀಕ್ಷಾಸ್ನಾನ ಮತ್ತು ಮರಣದ ದಾಖಲೆ, ಶಾಲೆಯ ದಾಖಲಾತಿ ಪುಸ್ತಕ, ಮನೆಯ ಸತ್ಯವೇದದ ಮೊದಲನೆಯ ಹಾಳೆ ಇವು ಸಹಾಯಮಾಡುವವು. ಶ್ರಾದ್ಧ ಮಾಡುವ ಮನೆಗಳಲ್ಲಿ ಮೂರು ತಲೆಮಾರಿನ ಹೆಸರುಗಳನ್ನು ಹಿರಿಯರು ಬಾಯಿಪಾಠವಾಗಿ ಬಲ್ಲರು.

ಆಮೇಲೆ ಅವರ ಕಾರ್ಯವನ್ನು ಬರೆಯಿರಿ. “ಬಹಳ ಒಳ್ಳೆಯವರು” ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಯಾವ ಜೋಗುಳವನ್ನು ಹಾಡುತ್ತಿದ್ದರು, ಯಾರ ಮನೆಯ ಬಾಣಂತನಕ್ಕೆ ಹೋಗುತ್ತಿದ್ದರು, ಬರಗಾಲದಲ್ಲಿ ಮನೆಯನ್ನು ಹೇಗೆ ನಡೆಯಿಸಿದರು ಎಂಬದನ್ನು ಬರೆಯಿರಿ. ಅವರ ಕೋಪವನ್ನೂ ಹಟವನ್ನೂ ಮುಚ್ಚಿಡಬೇಕಾದದ್ದಿಲ್ಲ. ಪ್ರೀತಿಯಿಂದ ಹೇಳಿದ ಸತ್ಯವು ಅವಮಾನವಲ್ಲ. ಮುಖ್ಯವಾಗಿ, ಬಲ್ಲವರು ಬದುಕಿರುವಾಗಲೇ ಕೇಳಿರಿ. ಹಿರಿಯರೊಬ್ಬರು ತೀರಿಹೋದರೆ ಅವರೊಡನೆ ಅವರ ತಾಯಿತಂದೆಗಳ ನೆನಪೂ ಎರಡನೆಯ ಸಾರಿ ಸಾಯುವದುಂಟು.

ಕಡೆಯದಾಗಿ, ಕಾರ್ಯವನ್ನು ಮುಂದುವರಿಸಿರಿ. ಅಜ್ಜಿಯು ನೆರೆಯವಳಿಗೆ ಅನ್ನ ಕೊಡುತ್ತಿದ್ದರೆ ಆ ನೆರೆಯವಳನ್ನು ನೀವು ವಿಚಾರಿಸಿರಿ. ನಿಮ್ಮ ತರಗತಿಯವಳೊಬ್ಬಳು ತಾಯಿಯನ್ನು ಕಳೆದುಕೊಂಡಿದ್ದರೆ ಏನು ಹೇಳಬೇಕೋ ತಿಳಿಯದೆಂದು ದೂರ ಸರಿಯಬೇಡಿರಿ. ಹತ್ತಿರ ಕೂತು, ಆ ತಾಯಿಯ ವಿಷಯವಾಗಿ ಒಂದು ಮಾತು ಕೇಳಿರಿ. ದುಃಖದಲ್ಲಿರುವವರಿಗೆ ತಮ್ಮವರ ಹೆಸರು ಬೇರೊಬ್ಬರ ಬಾಯಿಂದ ಬರುವದೇ ದೊಡ್ಡ ಸಮಾಧಾನ.

ಅಭ್ಯಾಸ

1. ವೀರಗಲ್ಲು, ಮಾಸ್ತಿಕಲ್ಲು, ನಿಷಿಧಿ ಇವುಗಳ ಭೇದವನ್ನು ತಿಳಿಸಿರಿ. ನಿಮ್ಮ ಊರಿನಲ್ಲಿ ಇಂಥ ಕಲ್ಲಿದ್ದರೆ ಅದರ ಚಿತ್ರವನ್ನು ಬರೆಯಿರಿ.
2. ದೊರ್ಕಳ ಸ್ನೇಹಿತೆಯರು ಅಂಗಿಗಳನ್ನು ತೋರಿಸಿದ್ದೇಕೆ?
3. ನಿಮ್ಮ ತಾಯಿಯ ಅಜ್ಜಿಯ ಹೆಸರು, ಊರು ಮತ್ತು ಆಕೆ ಮಾಡಿದ ಒಂದು ಕೆಲಸವನ್ನು ಮನೆಯ ಹಿರಿಯರಿಂದ ತಿಳಿದುಕೊಂಡು ಈ ವಾರದೊಳಗೆ ಬರೆಯಿರಿ.