ಕಣ್ಣುಜ್ಜುವ ಕೈಗೆ ಒಂದು ಕಿವಿಮಾತು

ತಮ್ಮಾ, ಹೋಳಿ ಹುಣ್ಣಿಮೆ ದಾಟಿತೆಂದರೆ ನಮ್ಮ ಕಡೆ ಹುಡುಗರ ಕಣ್ಣು ಕೆಂಪಾಗಲು ಶುರು. ಯಾದಗಿರಿ, ಶಹಾಪುರ, ಸುರಪುರ ಎಲ್ಲೇ ಹೋಗು, ಬಿಸಿಲಿಗೆ ಕಣ್ಣು ಬಿಡಲಾರದೆ ಮುಷ್ಟಿಯಿಂದ ತಿಕ್ಕಿಕೊಳ್ಳುವ ಹುಡುಗರು ಕಾಣಸಿಗುತ್ತಾರೆ. ನೀನೂ ಅವರಲ್ಲಿ ಒಬ್ಬನಾಗಿದ್ದರೆ, ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ದುಡಿದು ತಲೆ ನರೆತ ಈ ಕಾಕಾನ ಮಾತು ಸ್ವಲ್ಪ ಕೇಳು. ಹುಡುಗರ ಕಣ್ಣಿನ ಅಲರ್ಜಿ ಪ್ರಾಯಕ್ಕೆ ಬಂದಮೇಲೆ ಬಹುಮಂದಿಗೆ ತಾನಾಗಿಯೇ ಇಳಿದುಹೋಗುತ್ತದೆ. ಅದು ಹೋದಮೇಲೂ ಉಳಿಯುವುದು ಎರಡು ಕೇಡು: ಉಜ್ಜುವ ಕೈ ಮಾಡಿದ್ದೊಂದು, ಅಂಗಡಿಯಿಂದ ನಾವೇ ತಂದು ಹಾಕಿಕೊಂಡ ಔಷಧ ಮಾಡಿದ್ದೊಂದು.

ಮೊದಲು ಗುರುತು ಹಿಡಿಯುವುದನ್ನು ಕಲಿ. ಕಣ್ಣು ಬಂದಾಗ, ಅದೇ ಮದ್ರಾಸ್ ಐ, ಒಬ್ಬರಿಂದ ಮನೆಮಂದಿಗೆಲ್ಲ ಹತ್ತಿ, ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ. ಅಲರ್ಜಿ ಯಾರಿಗೂ ಅಂಟುವುದಿಲ್ಲ. ಎರಡೂ ಕಣ್ಣು ತಡೆಯಲಾಗದಷ್ಟು ತುರಿಸುತ್ತವೆ, ಬಿಳಿ ದಾರದಂಥ ಪಿಸುರು ಬರುತ್ತದೆ, ವರ್ಷ ವರ್ಷ ಮರುಕಳಿಸುತ್ತದೆ. ಬಿಸಿಲು, ಒಣಹವೆಯ ಸೀಮೆಗಳಲ್ಲಿ 5ರಿಂದ 15 ವರ್ಷದವರಿಗೆ, ಅದರಲ್ಲೂ ಗಂಡುಹುಡುಗರಿಗೆ ಹೆಚ್ಚಾಗಿ ಬರುವ ಜೋರಿನ ಬಗೆಗೆ ವೈದ್ಯರು ವಿಕೆಸಿ, ಅಂದರೆ ವರ್ನಲ್ ಕೆರಟೋಕಂಜಂಕ್ಟಿವೈಟಿಸ್ ಎನ್ನುತ್ತಾರೆ. ಅಂಥವರ ಮೇಲಿನ ರೆಪ್ಪೆ ಮಗುಚಿದರೆ, ನುಣುಪಾಗಿರಬೇಕಾದ ಒಳಮೈ ಹರಳುಕಲ್ಲು ಹಾಸಿದಂತೆ ಗಂಟುಗಂಟಾಗಿ ಕಾಣುತ್ತದೆ. ಕಣ್ಣು ಮಿಟುಕಿಸಿದಾಗೆಲ್ಲ ಆ ಗಂಟುಗಳು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು ಸವರುತ್ತವೆ. ರೋಗ ಜೋರಾದರೆ ಅಲ್ಲಿ ಹುಣ್ಣೇ ಬೀಳಬಹುದು.

ಉಜ್ಜಬೇಡ ಎಂದು ಹೇಳುವುದಕ್ಕೆ ಕಾರಣವಿದೆ. ಅಲರ್ಜಿಯ ಕಣ್ಣಿನಲ್ಲಿ ಮಾಸ್ಟ್ ಕೋಶಗಳು ತುರಿಕೆ ಎಬ್ಬಿಸುವ ಹಿಸ್ಟಮಿನ್ ತುಂಬಿಕೊಂಡು ಕೂತಿರುತ್ತವೆ. ತಿಕ್ಕಿದಾಗ ಅವು ಒಡೆದು ಇನ್ನಷ್ಟು ಹಿಸ್ಟಮಿನ್ ಸುರಿಯುತ್ತವೆ. ಅರೆಗಳಿಗೆ ಹಾಯೆನಿಸಿ, ಆಮೇಲೆ ತುರಿಕೆ ದುಪ್ಪಟ್ಟಾಗುತ್ತದೆ. ವರ್ಷಗಟ್ಟಲೆ ಹೀಗೆ ತಿಕ್ಕಿದವರಲ್ಲಿ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವುದುಂಟು. ಅದು ಕೆರಟೋಕೋನಸ್. ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತಿದ್ದರೆ ಇದರ ಪರೀಕ್ಷೆ ಮಾಡಿಸು. ಬೇಗ ಗೊತ್ತಾದರೆ ಕಾರ್ನಿಯಾ ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಯಿಂದ ಅಲ್ಲಿಗೇ ನಿಲ್ಲಿಸಬಹುದು.

ನಮ್ಮ ಸೀಮೆಯಲ್ಲಿ ಕಣ್ಣು ಕೆರಳಿಸುವುದಕ್ಕೆ ಬರವಿಲ್ಲ. ಎರೆಹೊಲದ ಧೂಳು, ಬದುವಿನ ಕಾಂಗ್ರೆಸ್ ಕಸ, ತೊಗರಿ ರಾಶಿಯ ಹೊಟ್ಟು, ಜಿನ್ನಿಂಗ್ ಮಿಲ್ಲಿನ ಹತ್ತಿಯ ಎಳೆ, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಎರಚುವ ಭಂಡಾರ. ಇವನ್ನೆಲ್ಲ ಬಿಟ್ಟು ಬದುಕು ಎಂದು ನಾನು ಹೇಳುವುದಿಲ್ಲ. ರಾಶಿಗೆ ನಿಂತಾಗ, ಶಹಾಪುರ–ಸುರಪುರ ರಸ್ತೆಯಲ್ಲಿ ಬೈಕ್ ಓಡಿಸುವಾಗ ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಹಾಕಿಕೋ. ಮನೆಗೆ ಬಂದೊಡನೆ ಮುಖ, ಕೈ ತೊಳೆ. ತುರಿಕೆ ಎದ್ದಾಗ ಬಟ್ಟೆಯನ್ನು ಗಡಿಗೆಯ ತಣ್ಣೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷ ಇಟ್ಟುಕೋ. ಹರಳೆಣ್ಣೆ, ಜೇನು, ಎಲೆರಸ, ಎದೆಹಾಲು ಯಾವುದೂ ಕಣ್ಣೊಳಗೆ ಬೇಡ.

ತಣ್ಣೀರ ಪಟ್ಟಿಗೆ ತುರಿಕೆ ಬಗ್ಗದಿದ್ದರೆ ಡಾಕ್ಟರ ಬಳಿ ಹೋಗು. ಓಲೋಪಟಡೀನ್, ಕೀಟೋಟಿಫೆನ್‌ನಂಥ ಅಲರ್ಜಿ ಡ್ರಾಪ್ಸ್ ಕೊಡುತ್ತಾರೆ. ಅವನ್ನು ತಿಂಗಳುಗಟ್ಟಲೆ ಬಿಡದೆ ಹಾಕಬೇಕಾಗಬಹುದು, ತುರಿಕೆ ನಿಂತಿತೆಂದು ನಡುವೆ ನಿಲ್ಲಿಸಬೇಡ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡು, ಮೂಗಿನ ಬದಿಯ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿ. ಬಾಟಲಿಯ ತುದಿ ಕಣ್ಣಿಗೆ ತಾಗದಿರಲಿ. ತೆರೆದ ಬಾಟಲಿಯನ್ನು ತಿಂಗಳಾದ ಮೇಲೆ ಬಿಸಾಡು.

ಈಗ ಮುಖ್ಯ ಮಾತು. 'ಈ ಡ್ರಾಪ್ಸ್ ಹಾಕಿದ್ರ ಒಂದೇ ದಿನದಾಗ ಆರಾಮ ಆಗ್ತದ್ರಿ ಕಾಕಾ' ಎಂದು ಹುಡುಗರು ಜೇಬಿನಿಂದ ಬಾಟಲಿ ತೆಗೆದು ತೋರಿಸುತ್ತಿದ್ದರು. ಅದರ ಲೇಬಲ್ಲಿನ ಸಣ್ಣಕ್ಷರ ಓದು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಎಷ್ಟೋ ಸಲ ಆಂಟಿಬಯಾಟಿಕ್ ಜೊತೆ ಬೆರೆತೇ ಇರುತ್ತದೆ. ಸ್ಟೀರಾಯ್ಡ್ ಕೆಟ್ಟ ಔಷಧವೆಂದಲ್ಲ. ರೋಗ ಜೋರಾದಾಗ ಡಾಕ್ಟರೇ ಅದನ್ನು ಕೆಲವು ದಿನ ಕೊಟ್ಟು, ಕಣ್ಣಿನ ಒತ್ತಡ ಅಳೆಯುತ್ತ ಇಳಿಸುತ್ತಾರೆ. ಕೇಳದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಹಲವರಲ್ಲಿ ಕಣ್ಣೊಳಗಿನ ಒತ್ತಡ ನೋವಿಲ್ಲದೆ ಏರುತ್ತದೆ, ಕಣ್ಣಿನ ನರ ಸಾಯುತ್ತದೆ. ಮೊದಲು ಅಕ್ಕಪಕ್ಕದ ನೋಟ ಹೋಗುವುದರಿಂದ ನಿನಗೆ ತಿಳಿಯುವುದೇ ತಡವಾಗಿ. ಇದು ಗ್ಲಾಕೋಮಾ. ಹೋದ ದೃಷ್ಟಿ ಯಾವ ಆಪರೇಷನ್ನಿಗೂ ಮರಳದು. ಇದೇ ಡ್ರಾಪ್ಸ್‌ನಿಂದ ಹದಿಹರೆಯದಲ್ಲೇ ಪೊರೆ ಬರುವುದೂ ಉಂಟು. ದೀರ್ಘಕಾಲ ಔಷಧ ಬೇಕಾದವರಿಗೆ ಸೈಕ್ಲೋಸ್ಪೋರಿನ್ ಡ್ರಾಪ್ಸ್, ಟ್ಯಾಕ್ರೊಲಿಮಸ್ ಮುಲಾಮು ಇವೆ. ಅವುಗಳಿಂದ ಒತ್ತಡ ಏರುವುದಿಲ್ಲ. ಯಾವುದು ನಿನಗೆ ಹೊಂದುತ್ತದೆ ಎಂಬುದು ನೇತ್ರತಜ್ಞರ ಲೆಕ್ಕ.

ಇನ್ನೊಂದು ಎಚ್ಚರ ಹೊಲಕ್ಕೆ ಹೋಗುವವರಿಗೆ. ರಾಶಿಯಲ್ಲಿ ಹೊಟ್ಟು ಸಿಡಿದು, ಭತ್ತದ ಗರಿ ತಾಗಿ ಒಂದೇ ಕಣ್ಣು ಕೆಂಪಾಗಿ ನೋವಾದರೆ, ಬಿಳಿ ಚುಕ್ಕೆ ಕಂಡರೆ ಅದನ್ನು ಅಲರ್ಜಿ ಎಂದುಕೊಳ್ಳಬೇಡ. ಅದು ಬೂಷ್ಟಿನ ಹುಣ್ಣಾಗಿರಬಹುದು. ಅದಕ್ಕೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋದೀತು. ಅದೇ ದಿನ ಆಸ್ಪತ್ರೆಗೆ ಹೋಗು.

ಕಣ್ಣಿಗಾಗಿ ದೊಡ್ಡ ಊರಿಗೇ ಹೋಗಬೇಕು ಎಂದು ದಿನ ತಳ್ಳಬೇಡ. ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ತೋರಿಸು. ಅಲ್ಲಿ ಆಗದ್ದಕ್ಕೆ ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಅದಕ್ಕೂ ಮೀರಿದ್ದಕ್ಕೆ ಕಲಬುರಗಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡ ಶಾಲೆಗೆ ತಪಾಸಣೆಗೆ ಬಂದ ದಿನ ತಮ್ಮ ತಂಗಿಯರು ತಪ್ಪಿಸಿಕೊಳ್ಳದಂತೆ ನೋಡಿಕೋ.

ಇವತ್ತೇ ಮನೆಯ ಔಷಧ ಡಬ್ಬಿ ಬಿಚ್ಚು. ಹಳೆಯ ಡ್ರಾಪ್ಸ್ ಒಂದೊಂದನ್ನೂ ಓದು. ಸ್ಟೀರಾಯ್ಡನ್ನು ಬಹಳ ದಿನದಿಂದ ಹಾಕುತ್ತಿದ್ದರೆ ಬಾಟಲಿ ಸಮೇತ ಡಾಕ್ಟರ ಮುಂದೆ ಕೂತು, ಎಷ್ಟು ದಿನ ಹಾಕಿದೆ ಎಂದು ಮುಚ್ಚಿಡದೆ ಹೇಳಿ, ಕಣ್ಣಿನ ಒತ್ತಡ ಅಳೆಸಿಕೋ. ಬಯ್ದರೆ ಬಯ್ಯಲಿ ಬಿಡು. ರೋಗ ಬಹುಮಟ್ಟಿಗೆ ಕೆಲವು ವರ್ಷದಲ್ಲಿ ನಿನ್ನನ್ನು ಬಿಟ್ಟು ಹೋಗುವಂಥದ್ದು, ಕಣ್ಣು ಮಾತ್ರ ಬದುಕಿನ ಕೊನೆತನಕ ಬೇಕು.